ಮಿಲ್ಟ್ರಿಯಿಂದ ಪೆನ್ಷನ್ ಮೇಲೆ ಬಂದವರಿಗೆ ಮುಂದೇನು? ಬ್ಯಾಂಕೋ, ಡಿಎಸ್‌ಸಿಯೋ, ಊರಿನ ಗದ್ದೆಯೋ?

ಹೋದ ವಾರ ಮದ್ದೂರು ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಗಂಡ ಲ್ಯಾನ್ಸ್ ನಾಯಕ್. ಈಗ ರಾಜಸ್ಥಾನದಲ್ಲಿದ್ದಾರೆ. ಇನ್ನು ಹತ್ತು ತಿಂಗಳಿಗೆ 17 ವರ್ಷದ ಸರ್ವಿಸ್ ಮುಗಿಯುತ್ತದೆ. "ಅಕ್ಕ, ಇವ್ರು ಡಿಎಸ್‌ಸಿಗೆ ಹೋಯ್ತೀನಿ ಅಂತವ್ರೆ. ನಮ್ಮಾವ ಬಂದು ಗದ್ದೆ ನೋಡ್ಕೊ ಅಂತವ್ರೆ. ನಮ್ಮಣ್ಣ ಬ್ಯಾಂಕ್ ಪರೀಕ್ಷೆ ಬರೀಲಿ ಅಂತಾನೆ. ನಂಗೆ ತಲೆ ಕೆಟ್ಟೋಗದೆ" ಅಂದರು. ಡಿಎಸ್‌ಸಿ ಅಂದರೆ ನಿವೃತ್ತ ಸೈನಿಕರನ್ನೇ ಮತ್ತೆ ಸೇರಿಸಿಕೊಳ್ಳೋ ಮಿಲ್ಟ್ರಿಯ ಕಾವಲು ಪಡೆ.

ನನಗೆ ನಗು ಬಂತು. ನಮ್ಮನೆಯವರು 38ನೇ ವಯಸ್ಸಿಗೆ ಮಂಡ್ಯ ಸ್ಟೇಷನ್‌ನಲ್ಲಿ ಕಪ್ಪು ಟ್ರಂಕು ಇಳಿಸಿದ ದಿನ ನಮ್ಮ ಮನೆಯಲ್ಲೂ ಇದೇ ಮಾತುಗಳು. ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಅವರ ನಂಬರು, ಹೆಸರು ಇತ್ತು. ಮೊದಲು ಪಾಂಡವಪುರದ ಹತ್ತಿರದ ಊರಿನಲ್ಲಿ 14 ತಿಂಗಳು ಕಬ್ಬು ಬೆಳೆದೆವು. ಆಮೇಲೆ ಅವರು ಬ್ಯಾಂಕಿಗೆ ಸೇರಿದರು. ಈಗ ಮೈಸೂರಿನಲ್ಲಿದ್ದೇವೆ. ಟ್ರಂಕಿನ ತುಂಬ ಕಾಗದ. ಆ ಕಾಗದಗಳ ಹಿಂದೆ ಓಡಾಡಿದ್ದು ಜಾಸ್ತಿ ನಾನೇ. ಹಾಗಾಗಿ ಯಾರ ಮನೆಯಲ್ಲಿ ಪೆನ್ಷನ್ ಮಾತು ಬಂದರೂ ಫೋನ್ ನನಗೇ ಬರುತ್ತದೆ. ಒಬ್ಬೊಬ್ಬರಿಗೂ ಮತ್ತೆ ಮತ್ತೆ ಹೇಳುವ ಬದಲು ಒಂದು ಸಲ ಬರೆದೇ ಬಿಡೋಣ ಅನ್ನಿಸಿತು.

ಮೊದಲು ಎರಡು ಗುಂಪು ಮಾಡಿಕೊಳ್ಳಿ

"ಮಿಲ್ಟ್ರಿಯವರಿಗೆ ಸರ್ಕಾರ ಎಲ್ಲಾ ಕೊಡ್ತದೆ ಬುಡವ್ವ" ಅಂತ ಊರಲ್ಲಿ ಹೇಳುತ್ತಾರೆ. ಅರ್ಧ ನಿಜ. ಸರ್ಕಾರ ಕೊಡಲೇಬೇಕಾದದ್ದು ಒಂದಿಷ್ಟಿದೆ. ಇನ್ನೊಂದಿಷ್ಟಕ್ಕೆ ಬಾಗಿಲು ಮಾತ್ರ ತೆಗೆಯುತ್ತದೆ, ಒಳಗೆ ಹೋಗೋದು ನಮ್ಮ ಪಾಡು. ಇವೆರಡನ್ನು ಕಲಸಿಕೊಂಡರೆ ಲೆಕ್ಕ ತಪ್ಪುತ್ತದೆ.

ಕೊಡಲೇಬೇಕಾದದ್ದು ಮೊದಲನೆಯದಾಗಿ ಪಿಂಚಣಿ. ಜವಾನರಿಗೆ 15 ವರ್ಷ ಸೇವೆ ಆಗಿರಬೇಕು. ಕೊನೆಯ ಸಂಬಳದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಒಂದೇ ಹುದ್ದೆ, ಒಂದೇ ಸರ್ವಿಸ್ ಆದರೆ ಯಾವಾಗ ನಿವೃತ್ತಿ ಆಗಿದ್ದರೂ ಒಂದೇ ಪಿಂಚಣಿ ಅನ್ನೋ 'ಒಆರ್‌ಒಪಿ' 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂದಿದೆ. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಲೆಕ್ಕ ಹಾಕುತ್ತಾರೆ.

ಎರಡನೆಯದು ಇಸಿಎಚ್‌ಎಸ್. ಮಾಜಿ ಸೈನಿಕರ ಆರೋಗ್ಯ ಯೋಜನೆ, 2003ರ ಏಪ್ರಿಲ್‌ನಲ್ಲಿ ಶುರುವಾದದ್ದು. ಹವಾಲ್ದಾರ್‌ವರೆಗಿನವರು ಒಂದೇ ಸಲ 30,000 ರೂಪಾಯಿ ಕಟ್ಟಿದರೆ ಗಂಡ, ಹೆಂಡತಿ ಇಬ್ಬರಿಗೂ ಜೀವನಪೂರ್ತಿ. ಅವಲಂಬಿತ ಅಪ್ಪ ಅಮ್ಮನಿಗೂ ಇದೆ, ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮಿತಿಯೊಳಗಿರಬೇಕು. ಗಂಡುಮಕ್ಕಳಿಗೆ 25 ವರ್ಷದವರೆಗೆ, ಇಲ್ಲವೇ ಸಂಪಾದನೆ ಶುರುವಾಗುವವರೆಗೆ. ಹೆಣ್ಣುಮಕ್ಕಳಿಗೆ ಮದುವೆ ಅಥವಾ ಸಂಪಾದನೆವರೆಗೆ. ಮೂರನೆಯದು ಕ್ಯಾಂಟೀನ್ ಕಾರ್ಡು. ಇದನ್ನು ಹೇಳಿಕೊಡೋದೇ ಬೇಡ, ಸೋಪು ಟೀಪುಡಿ ತರಿಸಿಕೊಳ್ಳೋಕೆ ನೆಂಟರೇ ನೆನಪಿಸುತ್ತಾರೆ.

ನೀವು ಬ್ಯಾಂಕಿಗೆ ಹೋಗಿ, ಗದ್ದೆಗೆ ಹೋಗಿ, ಜಗಲಿ ಮೇಲೆ ಕೂತಿರಿ, ಇವು ಮೂರೂ ಇರುತ್ತವೆ.

ಕೆಲಸ ಮಾತ್ರ ಹಾಗಲ್ಲ. ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 10 ಮಾಜಿ ಸೈನಿಕರಿಗೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ. 14.5, ಅದಕ್ಕಿಂತ ಕೆಳಗಿನ ಹುದ್ದೆಗಳಲ್ಲಿ ಶೇ. 24.5. ಇದರಲ್ಲಿ ಶೇ. 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ತೀರಿಕೊಂಡವರ ಅವಲಂಬಿತರಿಗೆ. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಶೇ. 10. ಆದರೆ ಮೀಸಲಾತಿ ಅಂದರೆ ಕೆಲಸ ಅಲ್ಲ. ಸಾಲು ಚಿಕ್ಕದು, ಅಷ್ಟೆ. ಸಾಲಿನಲ್ಲಿ ನಿಲ್ಲಬೇಕು, ಪರೀಕ್ಷೆ ಬರೆಯಬೇಕು, ಕಾಯಬೇಕು.

ಇನ್ನೊಂದು ಮಾತು. ಅಗ್ನಿವೀರರ ಮನೆಯವರೂ ಕೇಳುತ್ತಾರೆ. ಅವರದು ನಾಲ್ಕು ವರ್ಷ, ಮುಂದುವರಿಯೋದು ಶೇ. 25 ಜನ, ಉಳಿದವರಿಗೆ ಸೇವಾನಿಧಿ ಅಂತ ಒಟ್ಟಿಗೆ ಒಂದು ದುಡ್ಡು ಸಿಗುತ್ತದೆ ಆದರೆ ಪಿಂಚಣಿ ಇಲ್ಲ. ಕೆಳಗಿನ ಲೆಕ್ಕವೆಲ್ಲ ಪಿಂಚಣಿ ಇದೆ ಅನ್ನೋದರ ಮೇಲೆ ನಿಂತಿರೋದರಿಂದ ಅವರಿಗೆ ಇದು ಹೊಂದೋದಿಲ್ಲ.

ಯಾವ ತಕ್ಕಡಿಯಲ್ಲಿ ತೂಗಬೇಕು

ಗಂಡಸರು ಕೂತರೆ "ಕೈಗೆ ಎಷ್ಟು ಬರ್ತದೆ" ಅನ್ನೋ ಒಂದೇ ಪ್ರಶ್ನೆ. ನಾನು ಐದು ಕೇಳುತ್ತೇನೆ.

ಅವರು ಮನೆಯಲ್ಲಿ ಇರುತ್ತಾರಾ? ಪಿಂಚಣಿ ಬಿಟ್ಟು ತಿಂಗಳಿಗೆ ಎಷ್ಟು ಸೇರುತ್ತದೆ? ಅದು ಕೈಗೆ ಬರೋಕೆ ಎಷ್ಟು ದಿನ ಕಾಯಬೇಕು? 60 ಆದ ಮೇಲೆ ಇದರಿಂದ ಏನು ಉಳಿಯುತ್ತದೆ? ದೇಹ ತಡೆಯುತ್ತದಾ?

ಮೊದಲನೆಯದನ್ನೇ ನಾನು ಮೇಲಿಟ್ಟಿದ್ದೇನೆ. ಅದಕ್ಕೆ ಕಾರಣ ಇದೆ. 17 ವರ್ಷದಲ್ಲಿ ನಮ್ಮನೆಯವರು ಮಗನ ಒಂದು ಹುಟ್ಟುಹಬ್ಬಕ್ಕೂ ಇರಲಿಲ್ಲ. ಪೆನ್ಷನ್ ಬಂದಾಗ ಅವನು ಎಂಟನೇ ಕ್ಲಾಸು. ಮೊದಲ ಮೂರು ತಿಂಗಳು ಅಪ್ಪ ಹಾಲ್‌ನಲ್ಲಿ ಕೂತರೆ ಮಗ ರೂಮಿಗೆ ಹೋಗುತ್ತಿದ್ದ, ಬಂದ ನೆಂಟರ ಹತ್ತಿರ ಸಂಕೋಚ ಪಡುವ ಹಾಗೆ. ನಿಮ್ಮ ಮನೆಯಲ್ಲಿ ಮಕ್ಕಳು ದೊಡ್ಡವರಾಗಿದ್ದರೆ, ಇಲ್ಲವೇ ಇನ್ನೂ ಮಡಿಲಲ್ಲಿದ್ದರೆ, ಈ ಕ್ರಮವನ್ನು ನೀವು ಬದಲಿಸಿಕೊಳ್ಳಿ.

ಡಿಎಸ್‌ಸಿ: ಮತ್ತೆ ಅದೇ ಯೂನಿಫಾರ್ಮು

ಡಿಫೆನ್ಸ್ ಸೆಕ್ಯುರಿಟಿ ಕೋರ್. ನಿವೃತ್ತ ಸೈನಿಕರನ್ನೇ ಮತ್ತೆ ಸೇರಿಸಿಕೊಂಡು ಮಿಲ್ಟ್ರಿ ಡಿಪೋ, ಏರ್‌ಫೋರ್ಸ್ ಸ್ಟೇಷನ್, ರಕ್ಷಣಾ ಇಲಾಖೆಯ ಕಾರ್ಖಾನೆ, ಲ್ಯಾಬುಗಳ ಕಾವಲಿಗೆ ಹಾಕುತ್ತಾರೆ. ಇದರ ಕೇಂದ್ರ ಕೇರಳದ ಕಣ್ಣೂರಿನಲ್ಲಿದೆ. ಬ್ಯಾಂಕಿನಂಥ ಪರೀಕ್ಷೆಯ ತಲೆನೋವಿಲ್ಲ. ಮೆಡಿಕಲ್ ಫಿಟ್ ಇರಬೇಕು, ಡಿಸ್ಚಾರ್ಜ್ ಪುಸ್ತಕದಲ್ಲಿ ನಡತೆ ಚೆನ್ನಾಗಿದೆ ಅಂತ ಇರಬೇಕು, ಬಂದು ಬಹಳ ದಿನ ಆಗಿರಬಾರದು. ಅದಕ್ಕೇ ಮನೆಗೆ ಬಂದು ಒಂದೆರಡು ವರ್ಷ ನೋಡೋಣ ಅಂತ ಕೂತವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ.

ದುಡ್ಡಿನ ಲೆಕ್ಕದಲ್ಲಿ ಇದು ಗಟ್ಟಿ. ಸಿಪಾಯಿಯ ಮೂಲವೇತನ 21,700ರಿಂದ ಶುರು, ಮಿಲಿಟರಿ ಸರ್ವಿಸ್ ಪೇ 5,200, ತುಟ್ಟಿಭತ್ಯೆ ಬೇರೆ. ಹಳೇ ಪಿಂಚಣಿ ನಿಲ್ಲಿಸದೆ ಎರಡನ್ನೂ ತೆಗೆದುಕೊಳ್ಳಬಹುದು. ಡಿಎಸ್‌ಸಿಯಲ್ಲೂ 15 ವರ್ಷ ಪೂರ್ತಿ ಮಾಡಿದರೆ ಎರಡನೇ ಪಿಂಚಣಿ. ಇದೊಂದೇ ಆಸೆಗೆ ಹೋಗುವವರು ಬಹಳ ಜನ. ಆದರೆ 'ಪೂರ್ತಿ' ಅನ್ನೋ ಪದದ ಕೆಳಗೆ ಗೆರೆ ಎಳೆಯಿರಿ. 15 ತುಂಬುವ ಮುಂಚೆಯೇ ಹೊರಗೆ ಬಂದವರು ಎರಡನೇ ಪಿಂಚಣಿಗಾಗಿ ಕೋರ್ಟು ಅಲೆದಿದ್ದಾರೆ. ಸೇರುವ ಮುಂಚೆಯೇ ಬೆರಳು ಮಡಿಚಿ ಎಣಿಸಿ. ನಿಮ್ಮ ವಯಸ್ಸಿಗೆ 15 ಕೂಡಿ. ಡಿಎಸ್‌ಸಿಯ ನಿವೃತ್ತಿ ವಯಸ್ಸನ್ನು ಅದು ದಾಟಿದರೆ ಎರಡನೇ ಪಿಂಚಣಿಯನ್ನು ಮರೆತು ಬರೀ ಸಂಬಳ ನೋಡಿ ತೀರ್ಮಾನ ಮಾಡಿ.

ಮನೆಯ ಲೆಕ್ಕದಲ್ಲಿ ಇದು ಸೋಲುತ್ತದೆ. ನಮ್ಮ ನಾದಿನಿಯ ಗಂಡ ಡಿಎಸ್‌ಸಿಯಲ್ಲಿದ್ದಾರೆ. ನಾಯಕ್ ಆಗಿ ಬಂದವರು ಅಲ್ಲಿ ಮತ್ತೆ ಸಿಪಾಯಿ. ಪೋಸ್ಟಿಂಗ್ ದೇಶದ ಯಾವ ಮೂಲೆಗಾದರೂ ಆಗಬಹುದು. ನಾದಿನಿ ಒಮ್ಮೆ ನಾಗಮಂಗಲದ ಸಂತೆಯಲ್ಲಿ ಸಿಕ್ಕಿದ್ದಳು. "ನಂಗೆ ಎಲ್ಡು ಸಲ ಮದ್ವೆ ಆದಂಗಾಯ್ತು ಕಣಕ್ಕ, ಎಲ್ಡು ಸಲನೂ ರೈಲು ಹತ್ತಿಸಿ ಬಂದೆ" ಅಂದಳು. ತಮಾಷೆಗೇ ಹೇಳಿದ್ದು. ಆದರೆ ಕೈಯಲ್ಲಿದ್ದ ತರಕಾರಿ ಚೀಲವನ್ನು ಕೆಳಗಿಡದೆ, ಅವಸರದಲ್ಲೇ ಹೇಳಿದಳು. ಮನೆಯಲ್ಲಿ ಅತ್ತೆಗೆ ಪಾರ್ಶ್ವವಾಯು, ನೋಡಿಕೊಳ್ಳೋಳು ಅವಳೊಬ್ಬಳೇ.

ಮಕ್ಕಳು ಹಾಸ್ಟೆಲ್‌ನಲ್ಲಿದ್ದರೆ, ಮನೆ ಸಾಲ ತಲೆ ಮೇಲಿದ್ದರೆ, ಪುಸ್ತಕ ಹಿಡಿಯೋ ಅಭ್ಯಾಸ ತಪ್ಪಿಹೋಗಿದ್ದರೆ ಡಿಎಸ್‌ಸಿ ಒಳ್ಳೆಯ ಆಯ್ಕೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಎರಡು ಸಲ ಯೋಚನೆ ಮಾಡಿ.

ಬ್ಯಾಂಕು

ನಾವು ಹಿಡಿದ ದಾರಿ ಇದೇ. ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

"ನಾನು ಓದಿರೋದು ಎಸ್ಸೆಸ್ಸೆಲ್ಸಿ, ಬ್ಯಾಂಕಿಗೆ ಡಿಗ್ರಿ ಬೇಕಲ್ಲ" ಅಂತ ಬಹಳ ಜನ ಅರ್ಜಿಯನ್ನೇ ಹಾಕೋದಿಲ್ಲ. ತಪ್ಪು. ಹತ್ತನೇ ತರಗತಿ ಪಾಸಾಗಿ, ಸೇನೆಯ ಶಿಕ್ಷಣ ಪ್ರಮಾಣಪತ್ರ ಇದ್ದು, 15 ವರ್ಷ ಸರ್ವಿಸ್ ಮಾಡಿದ್ದರೆ ಕ್ಲರ್ಕ್ ಪರೀಕ್ಷೆಗೆ ಅರ್ಹತೆ ಸಿಗುತ್ತದೆ. ವಯಸ್ಸಿನಲ್ಲೂ ಸರ್ವಿಸ್ ಮಾಡಿದಷ್ಟು ವರ್ಷ, ಮೇಲೆ ಮೂರು ವರ್ಷ ರಿಯಾಯಿತಿ. ಒಟ್ಟು 50 ದಾಟಬಾರದು. ಪರೀಕ್ಷೆ ಪ್ರತಿ ವರ್ಷ ಐಬಿಪಿಎಸ್ ಅನ್ನೋ ಬ್ಯಾಂಕ್ ನೇಮಕಾತಿ ಸಂಸ್ಥೆ ನಡೆಸುತ್ತದೆ, ಸ್ಟೇಟ್ ಬ್ಯಾಂಕಿನದು ಬೇರೆ. ನಮ್ಮ ಮಾವ ಇವತ್ತಿಗೂ ಸ್ಟೇಟ್ ಬ್ಯಾಂಕಿಗೆ 'ಮೈಸೂರ್ ಬ್ಯಾಂಕ್' ಅಂತಲೇ ಹೇಳೋದು. 2017ರಲ್ಲೇ ಅದು ಎಸ್‌ಬಿಐ ಜೊತೆ ಸೇರಿಹೋಯಿತು ಅಂದರೆ ಕಿವಿಗೇ ಹಾಕಿಕೊಳ್ಳಲ್ಲ.

ಕಷ್ಟ ಇರೋದು ಓದಿನಲ್ಲಿ. 38ನೇ ವಯಸ್ಸಿಗೆ ಶೇಕಡಾವಾರು ಲೆಕ್ಕ, ಇಂಗ್ಲಿಷ್ ಗ್ರಾಮರ್. ನಮ್ಮನೆಯವರು ಬೆಳಿಗ್ಗೆ ನಾಲ್ಕೂವರೆಗೆ ಏಳೋರು, ಪಿಟಿ ಅಭ್ಯಾಸ ಬಿಟ್ಟಿರಲಿಲ್ಲ. ಓಡೋ ಬದಲು ಅಡುಗೆ ಮನೆ ಮೇಜಿನ ಮುಂದೆ ಕೂತರು. ಮೊದಲ ವಾರ ಎರಡು ಪೆನ್ಸಿಲ್ ಮುರಿದರು. ಒಂದು ದಿನ ಮಗ ಬಂದು ಪಕ್ಕದಲ್ಲಿ ನಿಂತು, "ಅಪ್ಪ, ಇದನ್ನ ಹಂಗ್ ಮಾಡಲ್ಲ" ಅಂತ ಪೆನ್ಸಿಲ್ ಕಿತ್ತುಕೊಂಡ. ಅಪ್ಪ ಮಗ ಮಾತಾಡೋಕೆ ಶುರು ಮಾಡಿದ್ದು ಸರಳ ಬಡ್ಡಿ, ಚಕ್ರಬಡ್ಡಿ ಮೇಲೆ. ಮೊದಲ ಸಲ ಪಾಸಾಗಲಿಲ್ಲ. ಎರಡನೇ ಸಲ ಆಯಿತು.

ನಮ್ಮವರಿಗೆ ಒಂದು ಅನುಕೂಲ ಇದೆ. ಹುದ್ದೆಗಳ ಲೆಕ್ಕ ರಾಜ್ಯವಾರು, ಸ್ಥಳೀಯ ಭಾಷೆ ಬರಬೇಕು. ಕರ್ನಾಟಕಕ್ಕೆ ಅರ್ಜಿ ಹಾಕಿದರೆ ಕನ್ನಡ ಓದು ಬರಹ ನೋಡುತ್ತಾರೆ. ಹಳ್ಳಿ ಶಾಲೆಯಲ್ಲಿ ಕನ್ನಡ ಕಲಿತವರಿಗೆ ಅದು ಬೆಣ್ಣೆ ತೆಗೆದಷ್ಟು ಸಲೀಸು.

ಕ್ಲರ್ಕ್ ಮೂಲವೇತನ ಈಗ 24,050ರಿಂದ ಶುರು, ಅದರ ಕೆಳಗಿನ ಸಿಬ್ಬಂದಿಗೆ 19,500ರಿಂದ. ಪಿಂಚಣಿ ಅದರ ಪಾಡಿಗೆ ಅದು ಬರುತ್ತದೆ. 60ಕ್ಕೆ ನಿವೃತ್ತಿ. ಆದರೆ 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದವರೆಲ್ಲ ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆಯಲ್ಲಿ. ಡಿಎಸ್‌ಸಿ ಥರ ಖಚಿತ ಎರಡನೇ ಪಿಂಚಣಿ ಇಲ್ಲ, ಕೂಡಿಟ್ಟಷ್ಟು ಸಿಗುತ್ತದೆ.

ಮೊದಲ ಪೋಸ್ಟಿಂಗ್ ಮನೆ ಬಾಗಿಲಿಗೇ ಬರುತ್ತದೆ ಅಂದುಕೊಳ್ಳಬೇಡಿ. ನಮಗೆ ಉತ್ತರ ಕರ್ನಾಟಕ ಸಿಕ್ಕಿತು. ಎರಡು ವರ್ಷ ಆದ ಮೇಲೆ ಮೈಸೂರು. ಆದರೂ ಶನಿವಾರ ರಾತ್ರಿ ಬಸ್ ಹತ್ತಿದರೆ ಭಾನುವಾರ ಬೆಳಿಗ್ಗೆ ಮನೆ. ಜೋಧಪುರದಿಂದ ಬರೋದಕ್ಕೂ ಇದಕ್ಕೂ ಎಲ್ಲಿಂದ ಎಲ್ಲಿಗೆ ಅಲ್ವಾ?

ಒಂದು ಸೂಕ್ಷ್ಮ ವಿಷಯ. ಕೇಂದ್ರ ಸರ್ಕಾರಿ ಹುದ್ದೆಗಳಲ್ಲಿ, ಬ್ಯಾಂಕುಗಳಲ್ಲಿ ಮಾಜಿ ಸೈನಿಕ ಮೀಸಲಾತಿ ಒಂದೇ ಸಲ ಬಳಸೋ ಚೀಟಿ ಇದ್ದಂತೆ. ಒಂದು ಕೆಲಸಕ್ಕೆ ಸೇರಿದ ಮೇಲೆ ಹೊಸ ಅರ್ಜಿಗೆ ಆ ಮೀಸಲಾತಿ ಸಿಗೋದಿಲ್ಲ. ಆದರೆ ಸೇರುವ ಮುಂಚೆಯೇ ಬೇರೆ ಕಡೆ ಅರ್ಜಿ ಹಾಕಿದ್ದರೆ, ಅವುಗಳ ಪಟ್ಟಿಯನ್ನು ಸೇರಿದ ಕೂಡಲೇ ಬರೆದುಕೊಟ್ಟರೆ, ಆ ಅರ್ಜಿಗಳಿಗೆ ಹಕ್ಕು ಉಳಿಯುತ್ತದೆ. ಈ ಒಂದು ಹಾಳೆ ಕೊಡದೆ ಒಳ್ಳೆಯ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ಅಟೆಂಡರ್ ಹುದ್ದೆಗೆ ಅವಸರದಲ್ಲಿ ಸೇರುವ ಮುಂಚೆ ಕ್ಲರ್ಕ್, ಪೋಸ್ಟು, ರೈಲ್ವೆ ಎಲ್ಲಕ್ಕೂ ಅರ್ಜಿ ಹಾಕಿ ಮುಗಿಸಿ. ಸರ್ವಿಸ್‌ನ ಕೊನೆಯ ಒಂದು ವರ್ಷದಲ್ಲಿ, ಯೂನಿಟ್‌ನಲ್ಲಿ ಇರುವಾಗಲೇ ಅರ್ಜಿ ಹಾಕಬಹುದು.

ರಾಜ್ಯ ಸರ್ಕಾರದ ಹುದ್ದೆ

ಕೆಪಿಎಸ್‌ಸಿ, ಪೊಲೀಸ್, ಗ್ರಾಮ ಆಡಳಿತ ಅಧಿಕಾರಿ ಎಲ್ಲದರಲ್ಲೂ ಮಾಜಿ ಸೈನಿಕರ ಕಾಲಂ ಇರುತ್ತದೆ. ಏಳನೇ ವೇತನ ಆಯೋಗ ಆದ ಮೇಲೆ, 2024ರ ಆಗಸ್ಟ್‌ನಿಂದ, ರಾಜ್ಯದಲ್ಲಿ ಕನಿಷ್ಠ ಮೂಲವೇತನವೇ 27,000. ಊರಿನ ಹತ್ತಿರ ಇರೋ ಸಾಧ್ಯತೆಯೂ ಜಾಸ್ತಿ. ಮಾವನಿಗೆ "ನನ್ ಮಗ ತಾಲ್ಲೂಕ್ ಆಫೀಸ್ನಲ್ಲವ್ನೆ" ಅಂತ ಹೇಳಿಕೊಳ್ಳೋ ಖುಷಿ ಬೇರೆ.

ಕಾಯೋದೇ ಇದರ ಕಾಯಿಲೆ. ಬ್ಯಾಂಕಿನಂತೆ ವರ್ಷಕ್ಕೊಂದು ಪರೀಕ್ಷೆ ಅನ್ನೋ ಭರವಸೆ ಇಲ್ಲ. ಅಧಿಸೂಚನೆ ಯಾವಾಗ, ಪರೀಕ್ಷೆ ಯಾವಾಗ, ಪಟ್ಟಿ ಯಾವಾಗ, ತಡೆಯಾಜ್ಞೆ ಯಾವಾಗ, ಯಾರಿಗೂ ಗೊತ್ತಿಲ್ಲ. ಇದೊಂದನ್ನೇ ನಂಬಿ ಕೂರಬೇಡಿ. ಪಕ್ಕದಲ್ಲಿ ಅರ್ಜಿ ಹಾಕುತ್ತಾ ಇರಿ. ಇಲ್ಲೂ ಎನ್‌ಪಿಎಸ್, 2006ರ ಏಪ್ರಿಲ್ ನಂತರ ಸೇರಿದವರಿಗೆಲ್ಲ.

ಸೆಕ್ಯುರಿಟಿ

ನಾಳೆಯೇ ಸಿಗೋ ಕೆಲಸ ಇದೊಂದೇ. ಮೈಸೂರಿನ ಹೆಬ್ಬಾಳು, ನಂಜನಗೂಡು ಕೈಗಾರಿಕಾ ಪ್ರದೇಶ, ಮಾಲು, ಆಸ್ಪತ್ರೆ, ಕಾಲೇಜು, ಎಲ್ಲ ಕಡೆ ಮಿಲ್ಟ್ರಿಯವರು ಬೇಕು. ಇದರಲ್ಲಿ ಎರಡು ಜಾತಿ. ರಕ್ಷಣಾ ಸಚಿವಾಲಯದ ಪುನರ್ವಸತಿ ವಿಭಾಗ ಡಿಜಿಆರ್ ಕಡೆಯಿಂದ ಬರೋ ಏಜೆನ್ಸಿಗಳು ಸಾರ್ವಜನಿಕ ಉದ್ದಿಮೆಗಳಿಗೆ ಕಾವಲುಗಾರರನ್ನು ಕೊಡುತ್ತವೆ. ಅಲ್ಲಿ ಕೇಂದ್ರದ ಕನಿಷ್ಠ ವೇತನದ ಲೆಕ್ಕ, ಪಿಎಫ್, ವಾರದ ರಜೆ ಎಲ್ಲ ಸರಿಯಾಗಿರುತ್ತದೆ. ಇನ್ನೊಂದು ಸಾದಾ ಖಾಸಗಿ ಏಜೆನ್ಸಿ. ನಮ್ಮ ಬೀದಿಯ ಒಬ್ಬರು 12 ಗಂಟೆ ನಿಂತು ಬರುತ್ತಿದ್ದರು. ಕೈಯಲ್ಲಿ ಬರೋ ಸಂಬಳಕ್ಕೂ ಸಹಿ ಹಾಕಿಸಿಕೊಳ್ಳೋ ಸಂಬಳಕ್ಕೂ ಹೊಂದುತ್ತಿರಲಿಲ್ಲ. ಮೊಣಕಾಲು ಊದಿಕೊಂಡು ಎಂಟು ತಿಂಗಳಿಗೆ ಬಿಟ್ಟರು.

ಒಂದು ಒಳ್ಳೆಯದೇನೆಂದರೆ, ಖಾಸಗಿ ಕೆಲಸಕ್ಕೆ ಹೋದರೆ ಆ ಒಂದು ಸಲದ ಚೀಟಿ ಖರ್ಚಾಗೋದಿಲ್ಲ. ಪರೀಕ್ಷೆಗೆ ಓದುತ್ತಾ, ಮನೆ ಖರ್ಚಿಗೆ ಅಂತ ಒಂದು ವರ್ಷ ಮಾಡೋರಿಗೆ ಸರಿ. ಡಿಜಿಆರ್ ಏಜೆನ್ಸಿಯದಾಗಿದ್ದರೆ ಇನ್ನೂ ಸರಿ.

ಪೆಟ್ರೋಲ್ ಬಂಕು, ಗ್ಯಾಸ್ ಏಜೆನ್ಸಿ ವಿಷಯ ಕೇಳುತ್ತಾರೆ. ಮೀಸಲಾತಿ ಇದೆ, ಆದರೆ ಜಾಗ, ಬಂಡವಾಳ, ಲಾಟರಿ ಮೂರೂ ಕೂಡಿ ಬರಬೇಕು. ಕೈಯಲ್ಲಿ ಹೆದ್ದಾರಿ ಪಕ್ಕದ ಜಮೀನಿದ್ದವರು ಮಾತ್ರ ಅದರ ಹಿಂದೆ ಹೋಗಿ.

ಗದ್ದೆ

ಇದರ ಬಗ್ಗೆ ನಿಧಾನವಾಗಿ ಹೇಳಬೇಕು. ಯಾಕೆಂದರೆ ಬಂಕರ್‌ನಲ್ಲಿ ಕೂತ ನಮ್ಮ ಗಂಡಸರು 17 ವರ್ಷ ಕಂಡ ಕನಸು ಇದೇ. ನಾಲೆ ನೀರು, ತೆಂಗಿನ ಮರ, ಎರಡು ಸೀಮೆಹಸು, ಬೆಳಿಗ್ಗೆ ಡೇರಿಗೆ ಹಾಲು.

ಮೊದಲ ಪ್ರಶ್ನೆ: ಪಹಣಿ ಯಾರ ಹೆಸರಲ್ಲಿದೆ? ನಮ್ಮದು ಮಾವನ ಹೆಸರಲ್ಲಿತ್ತು, ಈಗಲೂ ಇದೆ. ಮೂವರು ಮಕ್ಕಳು. ನಮ್ಮನೆಯವರು ದುಡ್ಡು ಹಾಕಿ ಬೋರ್‌ವೆಲ್ ಕೊರೆಸಿದರು. ನೀರು ಮೂರೂ ಜನಕ್ಕೆ ಬಂತು, ಕರೆಂಟು ಬಿಲ್ಲಿನ ಜಗಳ ನಮಗೆ ಬಂತು. 17 ವರ್ಷ ಊರಲ್ಲಿ ಇದ್ದು ಗೇಯ್ದ ತಮ್ಮನಿಗೆ "ಇವನು ಈಗ ಬಂದು ಯಜಮಾನಿಕೆ ಮಾಡ್ತಾನೆ" ಅನ್ನಿಸಿದ್ದರಲ್ಲಿ ತಪ್ಪೂ ಇರಲಿಲ್ಲ. ಭಾಗ ಆಗಿ ಖಾತೆ ಆಗದ ಜಮೀನಿಗೆ ಪಿಂಚಣಿ ದುಡ್ಡು ಹಾಕಬೇಡಿ.

ಎರಡನೆಯದು ನೀರು. ವಿಶ್ವೇಶ್ವರಯ್ಯ ನಾಲೆಯ ಮೇಲಿನ ಭಾಗದ ಕಥೆ ಬೇರೆ, ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ಕಥೆ ಬೇರೆ. 2023ರಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ. ಆ ವರ್ಷ ಕೂಳೆ ಕಬ್ಬು ಒಣಗಿದ್ದನ್ನು ಕಣ್ಣಾರೆ ನೋಡಿದೆವು. ಮೂರನೆಯದು ದುಡ್ಡು ಬರೋ ಹೊತ್ತು. ಕಬ್ಬು ಒಂದು ವರ್ಷದ ಬೆಳೆ. ಕಾರ್ಖಾನೆ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆ. ನಮಗೆ ಬರೋ ಹೊತ್ತಿಗೆ ಐದು ತಿಂಗಳಾಗಿತ್ತು. ಕಡಿಯೋ ಆಳುಗಳು ಮಾತ್ರ ಅಡ್ವಾನ್ಸ್ ಇಲ್ಲದೆ ಗದ್ದೆಗೆ ಇಳಿಯೋದಿಲ್ಲ.

ಆದರೂ ಗದ್ದೆ ಬೇಡ ಅನ್ನಲಾರೆ. ಪಿಂಚಣಿ ಇರೋ ರೈತ ಊರಿನಲ್ಲಿ ಬಹಳ ಗಟ್ಟಿ ರೈತ. ಬೆಳೆ ಹೋದರೂ ಒಲೆ ಉರಿಯುತ್ತದೆ. ಖಾತೆ ನಿಮ್ಮ ಹೆಸರಲ್ಲಿದ್ದು, ನೀರಿದ್ದು, ಮಕ್ಕಳ ಓದು ಊರ ಹತ್ತಿರವೇ ನಡೆಯುತ್ತದೆ ಅಂದರೆ ಐದು ಪ್ರಶ್ನೆಯಲ್ಲಿ ನಾಲ್ಕಕ್ಕೆ ಗದ್ದೆ ಒಳ್ಳೆಯ ಉತ್ತರ. ಹಸು ಇದ್ದರೆ ಡೇರಿ ದುಡ್ಡು ಹದಿನೈದು ದಿನಕ್ಕೊಮ್ಮೆಯಾದರೂ ಕೈಗೆ ಬರುತ್ತದೆ. ಮೊದಲ ವರ್ಷ ಹೊಸದಾಗಿ ಏನೂ ಕೊಳ್ಳಬೇಡಿ. ಜಮೀನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದರೆ ಇನ್ನೊಂದು ವರ್ಷ ಹಾಗೇ ಬಿಟ್ಟು, ಜೊತೆಗೆ ನಿಂತು ನೋಡಿ.

ಕಮ್ಯುಟೇಶನ್: ಯಾವ ದಾರಿಗೂ ಮುಂಚೆ ಬರೋ ತೀರ್ಮಾನ

ಸೈನಿಕರು ಪಿಂಚಣಿಯ ಅರ್ಧದವರೆಗೆ ಮಾರಿ ಒಟ್ಟಿಗೆ ದುಡ್ಡು ತೆಗೆದುಕೊಳ್ಳಬಹುದು. ಲೆಕ್ಕ ಹೀಗೆ. ಮೂಲ ಪಿಂಚಣಿ 20,000 ಅಂದುಕೊಳ್ಳಿ. ಅರ್ಧ, ಅಂದರೆ 10,000 ಮಾರಿದರೆ, 38–40 ವಯಸ್ಸಿಗೆ ಗುಣಿಸೋ ಅಂಕಿ ಸುಮಾರು 9. 10,000 ಗುಣಿಸು 12 ಗುಣಿಸು 9, ಹತ್ತಿರ ಹತ್ತಿರ 10 ಲಕ್ಷ 80 ಸಾವಿರ. ತೆರಿಗೆ ಇಲ್ಲ. ಆಮೇಲೆ 15 ವರ್ಷ ತಿಂಗಳಿಗೆ 10,000 ಕಡಿತ, ಒಟ್ಟು 18 ಲಕ್ಷ. 15 ವರ್ಷ ಆದ ಮೇಲೆ ಪೂರ್ತಿ ಪಿಂಚಣಿ ವಾಪಸ್. ತುಟ್ಟಿಭತ್ಯೆ ಮಾತ್ರ ಮೊದಲಿನಿಂದಲೂ ಪೂರ್ತಿ 20,000ದ ಮೇಲೆಯೇ.

ಬಡ್ಡಿಗೆ ಹಾಕಿ ನೋಡಿದರೆ ವರ್ಷಕ್ಕೆ ಏಳೂವರೆ ಪರ್ಸೆಂಟ್ ಆಸುಪಾಸಿನ ಸಾಲ ಇದು. ಅದೂ ಎಂಥ ಸಾಲ? ಸಾಲಗಾರ ತೀರಿಕೊಂಡರೆ ಅಲ್ಲಿಗೇ ಮನ್ನಾ. ಹೆಂಡತಿಯ ಕುಟುಂಬ ಪಿಂಚಣಿಯಿಂದ ಒಂದು ರೂಪಾಯಿ ಹಿಡಿಯೋದಿಲ್ಲ. ಊರಲ್ಲಿ ನೂರಕ್ಕೆ ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿ ಸಾಲ ಇದ್ದವರು ಕಣ್ಣು ಮುಚ್ಚಿ ಇದನ್ನು ತೆಗೆದು ಆ ಸಾಲ ತೀರಿಸಿ. ಮನೆ ಕಟ್ಟೋರು ಬ್ಯಾಂಕ್ ಸಾಲದ ಬಡ್ಡಿ ಜೊತೆ ಹೋಲಿಸಿ ನೋಡಿ. ಆದರೆ ಕೆಲಸ ಸಿಗೋವರೆಗೂ ಪಿಂಚಣಿಯೊಂದೇ ಆಧಾರ ಅನ್ನೋರಿಗೆ ತಿಂಗಳ 10,000 ದೊಡ್ಡ ತೂತು. ಆ ದುಡ್ಡಲ್ಲಿ ಟ್ರ್ಯಾಕ್ಟರ್ ತಂದು, ಎರಡೇ ವರ್ಷಕ್ಕೆ ಅರ್ಧ ಬೆಲೆಗೆ ಮಾರಿದ ಮನೆ ನಮ್ಮೂರಲ್ಲೇ ಎರಡಿವೆ. ತಂಗಿ ಮದುವೆಗೆ ಖರ್ಚು ಮಾಡಿದವರ ಬಗ್ಗೆ ನಾನು ಏನೂ ಹೇಳಲ್ಲ, ಅದು ಅವರವರ ಮನೆ ಸಂಕಟ.

ಯಾರಿಗೆ ಯಾವುದು

ಸಾಲ ಇದೆ, ಮಕ್ಕಳು ಬೆಳೆದಿದ್ದಾರೆ, ಮನೆಯಲ್ಲಿ ಆರೋಗ್ಯವಂತರು ಇದ್ದಾರೆ, ವಯಸ್ಸು 40ರೊಳಗೆ: ಡಿಎಸ್‌ಸಿ. ಮಕ್ಕಳು ಐದರಿಂದ ಹತ್ತನೇ ಕ್ಲಾಸಿನ ನಡುವೆ ಇದ್ದಾರೆ, ಒಂದು ವರ್ಷ ಕೂತು ಓದೋ ಛಲ ಇದೆ: ಬ್ಯಾಂಕು, ಜೊತೆಗೆ ರಾಜ್ಯದ ಅರ್ಜಿಗಳು. ವಯಸ್ಸಾದ ತಂದೆ ತಾಯಿ ಹಾಸಿಗೆ ಹಿಡಿದಿದ್ದಾರೆ: ಊರು, ಇಲ್ಲವೇ ಮೈಸೂರಿನಲ್ಲೇ ಒಂದು ಕೆಲಸ, ಸಂಬಳ ಕಮ್ಮಿಯಾದರೂ ಸರಿ.

ಮೈಸೂರು ಅಂತ ಯಾಕೆ ಒತ್ತಿ ಹೇಳಿದೆ ಅಂದರೆ ಇಸಿಎಚ್‌ಎಸ್ ಕಾರಣಕ್ಕೆ. ಮೊದಲು ಪಾಲಿಕ್ಲಿನಿಕ್, ಅಂದರೆ ಇಸಿಎಚ್‌ಎಸ್‌ನ ದವಾಖಾನೆಗೆ ಹೋಗಿ, ರೆಫರಲ್ ಬರೆಸಿಕೊಂಡು, ಆಮೇಲೆ ಖಾಸಗಿ ಆಸ್ಪತ್ರೆ. ಶುಗರ್ ಮಾತ್ರೆಗೂ ತಿಂಗಳು ತಿಂಗಳು ಅಲ್ಲಿಗೇ ಹೋಗಬೇಕು. ಅತ್ತೆಯ ಕಣ್ಣಿನ ಆಪರೇಷನ್‌ಗೆ ರೆಫರಲ್ ಹಿಡಿದುಕೊಂಡು ಹೋದರೆ ಒಂದು ಆಸ್ಪತ್ರೆಯ ಕೌಂಟರ್‌ನಲ್ಲಿ "ಇಸಿಎಚ್‌ಎಸ್ ಬೆಡ್ ಖಾಲಿ ಇಲ್ಲ" ಅಂದರು. ಹಿಂದೆ ನಿಂತಿದ್ದ ದುಡ್ಡು ಕೊಡೋರಿಗೆ ಬೆಡ್ ಇತ್ತು. ವಾಪಸ್ ಬಂದು ಬೇರೆ ಆಸ್ಪತ್ರೆಗೆ ಬರೆಸಿಕೊಂಡೆವು. ಊರಿಂದ ಬಂದಿದ್ದರೆ ಆ ದಿನ ಹೋಗಿಯೇ ಹೋಗುತ್ತಿತ್ತು. ತುರ್ತು ಅಂದರೆ ಮಾತ್ರ ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಬಹುದು, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು.

ಗಂಡನನ್ನು ಕಳೆದುಕೊಂಡವರು ಫೋನ್ ಮಾಡಿದರೆ ಈ ಹೋಲಿಕೆ ಪೂರ್ತಿ ಬದಿಗಿಡುತ್ತೇನೆ. ಅವರಿಗೆ ಮೊದಲು ನೋಡಬೇಕಾದ್ದು ಯಾವ ಕುಟುಂಬ ಪಿಂಚಣಿ ಮಂಜೂರಾಗಿದೆ ಅನ್ನೋದು. ಸಾಮಾನ್ಯದ್ದು ಕೊನೆಯ ಸಂಬಳದ ಶೇ. 30. ಸೇವೆಯ ಕಾರಣಕ್ಕೆ ಸಾವಾಗಿದ್ದರೆ ವಿಶೇಷ ಕುಟುಂಬ ಪಿಂಚಣಿ, ಶೇ. 60. ಯುದ್ಧ, ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಾದರೆ ಉದಾರೀಕೃತ ಪಿಂಚಣಿ, ಕೊನೆಯ ಸಂಬಳದಷ್ಟೇ. ಯಾವ ಸಾಲಿಗೆ ಹಾಕಿದ್ದಾರೆ ಅನ್ನೋದರ ಮೇಲೆ ಬದುಕು ನಿಂತಿರುತ್ತದೆ. ಕಾಗದ ಸರಿ ಇಲ್ಲ ಅನ್ನಿಸಿದರೆ ಸೈನಿಕ ಕಲ್ಯಾಣ ಕಚೇರಿಗೆ ಒಬ್ಬರೇ ಹೋಗಬೇಡಿ, ಓದಲು ಬರುವ ಒಬ್ಬರನ್ನು ಕರೆದುಕೊಂಡು ಹೋಗಿ.

ಮಕ್ಕಳ ಓದಿಗೆ ಇರೋದನ್ನೂ ಲೆಕ್ಕಕ್ಕೆ ಸೇರಿಸಿ. ಇಂಜಿನಿಯರಿಂಗ್, ಮೆಡಿಕಲ್, ಬಿಎಡ್ ಥರದ ಕೋರ್ಸುಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಪಿಯುಸಿಯಲ್ಲಿ ಶೇ. 60 ಬೇಕು. ದೇಶಕ್ಕೆಲ್ಲ ವರ್ಷಕ್ಕೆ 5,500 ಮಾತ್ರ, ಹಾಗಾಗಿ ಇದೂ ಬಾಗಿಲು ತೆಗೆಯೋ ಗುಂಪಿನದೇ. ಹವಾಲ್ದಾರ್‌ವರೆಗಿನವರ ಇಬ್ಬರು ಮಕ್ಕಳಿಗೆ ಇರೋ ಶಿಕ್ಷಣ ಸಹಾಯಧನ 2025ರ ನವೆಂಬರ್‌ನಿಂದ ತಿಂಗಳಿಗೆ 2,000 ಆಗಿದೆ.

ಯಾವ ದಾರಿ ಹಿಡಿದರೂ ಬರುವ ಮುಂಚೆ ಯೂನಿಟ್‌ನಲ್ಲೇ ಹೆಸರು ಸರಿ ಮಾಡಿಸಿ. ನಮ್ಮ ಕಡೆಯ ಹೆಸರು ಅಲ್ಲಿನ ಗುಮಾಸ್ತರ ಬಾಯಲ್ಲಿ ತಿರುಗುವುದಿಲ್ಲ. ಶಿವಲಿಂಗೇಗೌಡ ಅನ್ನೋರು ದಾಖಲೆಯಲ್ಲಿ ಮೂರು ತುಂಡಾಗಿ 'ಶಿವ ಲಿಂಗ ಗೌಡಾ' ಆಗಿರುತ್ತಾರೆ. ನನ್ನ ಆಧಾರ್‌ನಲ್ಲಿ ಒಂದು ಹೆಸರು, ಅವರ ಪಿಂಚಣಿ ಆದೇಶ ಪತ್ರ ಪಿಪಿಒದಲ್ಲಿ ಇನ್ನೊಂದು. ಒಂದೇ ಒಂದು ಅಕ್ಷರ ಸರಿ ಮಾಡಿಸೋಕೆ ಅಫಿಡವಿಟ್ಟು, ರೆಕಾರ್ಡ್ ಆಫೀಸು ಅಂತ 11 ತಿಂಗಳು ಓಡಾಡಿದೆ. ಯೂನಿಟ್‌ನಲ್ಲಿದ್ದಾಗ ಅದು ಒಂದು ಅರ್ಜಿಯ ಕೆಲಸ.

ಮದ್ದೂರಿನವರು ನಿನ್ನೆ ಮತ್ತೆ ಫೋನ್ ಮಾಡಿದ್ದರು. ಗಂಡನಿಗೆ ಬ್ಯಾಂಕಿನ ಅರ್ಜಿ ಹಾಕಿಸಿದ್ದಾರಂತೆ. ಡಿಎಸ್‌ಸಿಯನ್ನೂ ಕೈಬಿಟ್ಟಿಲ್ಲ, ಬಂದ ಆರು ತಿಂಗಳಲ್ಲಿ ಫಲಿತಾಂಶ ನೋಡಿ ತೀರ್ಮಾನ ಮಾಡುತ್ತಾರಂತೆ. ಗದ್ದೆಯನ್ನು ಯುಗಾದಿವರೆಗೆ ವಾರಕ್ಕೆ ಕೊಟ್ಟಾಗಿದೆ. "ಮಾವಂಗೆ ಬೇಜಾರು ಅಕ್ಕ" ಅಂದರು. "ಪಹಣಿ ಯಾರ ಹೆಸರಲ್ಲದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವ್ರ ತಾತನ ಹೆಸರಲ್ಲೇ ಅದೆ ಕಣಕ್ಕ" ಅಂದರು.